ತಾಂಬರಂ ಗಟ್ಟಿಮೇಳ

ನನ್ನ ಹೆಂಡತಿಯ ತಮ್ಮನಂಥ ಒಳ್ಳೆಯ ಮನುಷ್ಯ ಈ ಮದರಾಸಿನಲ್ಲೇ ಇನ್ನೊಬ್ಬನಿಲ್ಲ. ಆದರೆ ಅವನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿರಬೇಕು! ಬಾಯಿ ಒಳ್ಳೆಯದು, ಮನಸ್ಸು ಒಳ್ಳೆಯದು, ಕಾಲಂತೂ ಯಾರ ಮನೆಯ ಕೆಲಸಕ್ಕಾದರೂ ಓಡುತ್ತದೆ. ಕೈಗಳನ್ನು ಮಾತ್ರ ಬ್ರಹ್ಮದೇವರು ಬೇರೆ ಯಾರಿಗೋ ಅಂತ ಮಾಡಿಟ್ಟು, ಅವಸರದಲ್ಲಿ ಇವನಿಗೆ ಜೋಡಿಸಿಬಿಟ್ಟಿದ್ದಾನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅವನಿಗೆ ಬೇಸರವಾಗುವುದಿಲ್ಲ, ಸಂತೋಷವಾಗುತ್ತದೆ. ಅದೇ ನನ್ನ ಹೆದರಿಕೆ.

ಅವನ ಕಾಯಿಲೆ ಇಷ್ಟೇ. ಸುತ್ತುವ ವಸ್ತು ಯಾವುದು ಕಣ್ಣಿಗೆ ಬಿದ್ದರೂ ಅದನ್ನು ಹಿಡಿದು ನಿಲ್ಲಿಸಬೇಕು. ನಿಲ್ಲಿಸಿ, ಹಿಂದಕ್ಕೆ ತಿರುಗಿಸಬೇಕು. ನಾನು ಹೊಸ ಅಳಿಯನಾಗಿ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದಾಗ ಇವನಿಗೆ ಹನ್ನೆರಡು ವರ್ಷ. ಊಟ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ನನ್ನ ಹೊಸ ಸೈಕಲ್ಲು ತಲೆಕೆಳಗಾಗಿ ನಿಂತಿದೆ! ಇವನು ಹಿಂದಿನ ಚಕ್ರವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುಗಿಸುತ್ತ, ಮುಂದಕ್ಕೆ ಹೋದರೆ ಒಂದು ಸದ್ದು, ಹಿಂದಕ್ಕೆ ಬಂದರೆ ಇನ್ನೊಂದು, ಕಿವಿಗೊಟ್ಟು ಕೇಳಿ ಎಂದು ನನಗೇ ಪಾಠ ಹೇಳಿದ. ನಾನೂ ಕಿವಿಗೊಟ್ಟೆ. ಚೈನು ಕಳಚಿಬಿದ್ದ ಸದ್ದು ಕೇಳಿಸಿತು.

ಚಕ್ರವಾದರೆ ಹೋಗಲಿ. ಒಮ್ಮೆ ಅವನನ್ನು ವಡಪಳನಿಯ ಮುರುಗನ ಗುಡಿಗೆ ಕರೆದುಕೊಂಡು ಹೋದೆ. ಎಲ್ಲರೂ ನವಗ್ರಹಗಳಿಗೆ ಬಲಗಡೆಯಿಂದ ಸುತ್ತು ಹಾಕುತ್ತಿದ್ದರೆ ಇವನು ಎಡಗಡೆಯಿಂದ ಹೊರಟಿದ್ದಾನೆ, ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಮಾಡುತ್ತ! ಅರ್ಚಕರು, ಅಂದರೆ ಅಲ್ಲಿನ ಗುರುಕ್ಕಳು, ಕೈಯಲ್ಲಿದ್ದ ಹರಿವಾಣ ಬೀಳಿಸಿಕೊಳ್ಳುವುದೊಂದು ಬಾಕಿ. ಕೇಳಿದರೆ, ಇಷ್ಟು ವರ್ಷ ಮುಂದಕ್ಕೆ ಸುತ್ತಿದ್ದಕ್ಕೆ ಗ್ರಹಗಳು ನನಗೇನು ಕೊಟ್ಟಿವೆ ಭಾವ ಎಂದ. ಗುರುಕ್ಕಳು ಅವನ ಕೈಗೆ ಎರಡು ಪಾಲು ವಿಭೂತಿ ಹಾಕಿ ಕಳಿಸಿದರು.

ಇಂಥವನನ್ನು ನಾನು ನನ್ನ ಕಸುಬಿಗೆ ಸೇರಿಸಿಕೊಂಡೆ ಎಂದರೆ ಬುದ್ಧಿ ಯಾರಿಗೆ ಕಡಿಮೆ ಅಂತ ನೀವೇ ಹೇಳಿ!

ನನ್ನದು ಪುರಸೈವಾಕ್ಕಂನಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮಾರನೆಯ ದಿನವೇ ಹೆಗಲ ಮೇಲೆ ಹಾರನ್ ಸ್ಪೀಕರು ಹೊತ್ತೆ. ಈ ಊರಿನ ಯಾವ ಬೀದಿಯ ಯಾವ ತೆಂಗಿನಮರ ಹಾರನ್ನಿನ ಭಾರ ತಾಳುತ್ತದೆ ಎಂಬುದನ್ನು ಇವತ್ತಿಗೂ ಜನ ನನ್ನನ್ನೇ ಬಂದು ಕೇಳುತ್ತಾರೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಸ್ವಂತ ಆಂಪ್ಲಿಫೈಯರು, ಸ್ವಂತ ಪ್ಲೇಯರು, ಗೋಡೆ ತುಂಬ ಪ್ಲೇಟು ಮಾಡಿಕೊಂಡೆ. ಪ್ಲೇಟು ಎಂದರೆ ಹಾಡಿನ ರೆಕಾರ್ಡು. ನಾವು ಹಾಗೆಯೇ ಹೇಳುವುದು.

ಪ್ಲೇಟಿನ ವಿಷಯದಲ್ಲಿ ನನ್ನದೊಂದು ಕಟ್ಟಳೆ ಇದೆ. ಅಂಚು ಹಿಡಿಯಬೇಕು, ಮುಖ ಮುಟ್ಟಬಾರದು. ಮಖಮಲ್ಲಿನ ಬಟ್ಟೆಯಿಂದ ಒರೆಸಬೇಕು, ಬಾಯಲ್ಲಿ ಊದಬಾರದು. ಬೇರೆಯವರ ಮನೆಯಲ್ಲಿ ಸರಸ್ವತಿ ಪುಸ್ತಕದ ರೂಪದಲ್ಲಿ ಇರುತ್ತಾಳೆ. ನನ್ನನ್ನು ಆಕೆ ಏಳನೇ ಕ್ಲಾಸಿಗೇ ಕೈಬಿಟ್ಟಳಲ್ಲ, ಆಮೇಲೆ ಪಶ್ಚಾತ್ತಾಪವಾಗಿ ಕಪ್ಪು ಪ್ಲೇಟಿನ ರೂಪದಲ್ಲಿ ಹುಡುಕಿಕೊಂಡು ಬಂದಳು. ಅಂಥವಳ ಮುಖಕ್ಕೆ ಬೆರಳು ಇಡುವುದೇ?

ಇನ್ನು ನನ್ನ ಕೈಚಳಕ ಕೇಳಿ. ಓಲಗದವರನ್ನು ಕರೆಸಲು ಶಕ್ತಿ ಇಲ್ಲದವರ ಮದುವೆಯಲ್ಲಿ ಗಟ್ಟಿಮೇಳವೂ ಪ್ಲೇಟಿನದೇ. ತಾಳಿ ಕಟ್ಟುವ ಹೊತ್ತಿಗೆ ಯಾರಾದರೂ ಸೀನಿದರೆ, ಅತ್ತರೆ, ಅಪಶಕುನದ ಮಾತಾಡಿದರೆ ವಧೂವರರ ಕಿವಿಗೆ ಬೀಳಬಾರದು ಅಂತಲ್ಲವೆ ಡೋಲನ್ನು ಆ ಪರಿ ಬಡಿಯುವುದು? ಪ್ಲೇಟಿನ ಕೊನೆಯಲ್ಲಿ ಅರ್ಧ ನಿಮಿಷದಷ್ಟು ಗಟ್ಟಿಮೇಳವಿರುತ್ತದೆ. ಪುರೋಹಿತರು ಕೂಗಿದ ತಕ್ಷಣ ಸರಿಯಾಗಿ ಆ ಗೆರೆಯ ಮೇಲೆ ಪ್ಲೇಯರಿನ ಮುಳ್ಳು ಇಳಿಸಬೇಕು. ಒಂದು ಗೆರೆ ಹಿಂದೆ ಬಿದ್ದರೆ ತಾಳಿ ಕಟ್ಟುವಾಗ ಲಾಲಿ ಹಾಡು! ನನ್ನ ಕೈ ಒಮ್ಮೆಯೂ ತಪ್ಪಿಲ್ಲ. ಆದರೆ ಆ ಅರ್ಧ ನಿಮಿಷದೊಳಗೆ ಗಂಡು ತಾಳಿ ಕಟ್ಟಿ ಮುಗಿಸಬೇಕು, ಅದು ಅವನ ಪಾಡು.

ನಮ್ಮ ಬಾಮೈದ ನನ್ನ ಹತ್ತಿರ ಬರುವ ಮುಂಚೆ ವಡಪಳನಿಯ ಒಂದು ಸ್ಟುಡಿಯೋದಲ್ಲಿ ಸಿನಿಮಾ ಎಡಿಟಿಂಗ್ ಕೋಣೆಯಲ್ಲಿದ್ದ. ಅಲ್ಲಿ ಮಾತು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಲು ಸುರುಳಿಯನ್ನು ಕೈಯಿಂದಲೇ ಹಿಂದೆ ಮುಂದೆ ಎಳೆಯುತ್ತಾರಂತೆ. ಸಿಕ್ಕಿದ ಕಡೆ ಬಿಳಿ ಪೆನ್ಸಿಲಿನ ಗುರುತು ಹಾಕುತ್ತಾರಂತೆ. ಇವನಿಗೆ ಸ್ವರ್ಗವೇ ಸಿಕ್ಕಿದಂತಾಯಿತು. ಒಬ್ಬ ಕಥಾನಾಯಕನ ‘ಅಮ್ಮಾ’ ಎಂಬ ಕೂಗನ್ನು ಒಂದು ಇಡೀ ಮಧ್ಯಾಹ್ನ ಹಿಂದೆ ಮುಂದೆ ಎಳೆದು, ಅದರಲ್ಲಿ ತಾಳ ಹಾಕಿಕೊಂಡು ಕೂತಿದ್ದನಂತೆ. ಸಂಜೆ ಆ ಕಥಾನಾಯಕನೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮಾರನೆಯ ದಿನ ಇವನು ನನ್ನ ಅಂಗಡಿಯಲ್ಲಿದ್ದ.

ಹತ್ತು ವರ್ಷ ಹೇಗೋ ನಡೆಯಿತು. ಎಂಬತ್ತನೇ ಇಸವಿಯ ಮೇಲೆ ನಾಲ್ಕೈದು ವರ್ಷ ಕಳೆದಿರಬೇಕು, ಆಗ ಬಂತು ಗ್ರಹಚಾರ! ಹಡಗಿನಲ್ಲಿ ಕೆಲಸ ಮಾಡುವ ಅವನ ಗೆಳೆಯನೊಬ್ಬ ಅಮೆರಿಕದಿಂದ ವಿಡಿಯೋ ಕ್ಯಾಸೆಟ್ಟು ತಂದಿದ್ದ. ಅದನ್ನು ನೋಡಿ ಬಂದವನ ಮುಖದ ಮೇಲೆ ತಿರುಪತಿ ದರ್ಶನವಾದವನ ಕಳೆ. ಅಲ್ಲಿ ಪ್ಲೇಟು ಹಾಕುವವರಿಗೆ ಡಿಜೆ ಎಂದು ಹೆಸರಂತೆ, ಅವರು ಮುಳ್ಳು ಇಳಿಸಿ ಸುಮ್ಮನೆ ಕೂರುವುದಿಲ್ಲವಂತೆ. ಅಂಗೈಯನ್ನು ಪ್ಲೇಟಿನ ಮೇಲೆ ಇಟ್ಟು ಉಜ್ಜುತ್ತಾರಂತೆ! ಜನ ಕುಣಿಯುತ್ತಾರಂತೆ! ಪೊಲೀಸರು ಹಿಡಿಯುವುದಿಲ್ಲವೆ ಎಂದು ಕೇಳಿದೆ. ಅವರಿಗೆ ಹಾರ ಹಾಕುತ್ತಾರೆ ಭಾವ ಎಂದ.

ಮಾರನೆಯ ದಿನ ಕಾಫಿ ಕುಡಿದು ಅಂಗಡಿಗೆ ಬಂದೆ. ಪ್ಲೇಯರಿನ ಮೇಲೆ ನನ್ನ ಪ್ಲೇಟು. ಅದರ ಅಡಿಯಲ್ಲಿ, ಸರಾಗ ಜಾರಲಿ ಅಂತ ನನ್ನ ಮಗಳ ಹಳೆಯ ರೇಷ್ಮೆ ಲಂಗದಿಂದ ಗುಂಡಗೆ ಕತ್ತರಿಸಿದ ತುಂಡು. ಮುಳ್ಳು ಎಗರಬಾರದು ಅಂತ ಅದರ ತಲೆಯ ಮೇಲೆ ಹತ್ತು ಪೈಸೆ ನಾಣ್ಯ. ಅದೆಲ್ಲದರ ಮೇಲೆ ಇವನ ಬಲಗೈ! ವ್ರೀಕ್, ವ್ರೀಕ್, ವ್ರೀಕ್ ಎಂದು ನನ್ನ ಸರಸ್ವತಿ ಕಿರುಚುತ್ತಿದ್ದಾಳೆ. ಪಕ್ಕದಲ್ಲಿ ನನ್ನ ಮಗಳು ನಿಂತು ತಲೆಯಾಡಿಸುತ್ತಿದ್ದಾಳೆ. ಅವಳು ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ನಾನು ಕನ್ನಡದಲ್ಲಿ ಬೈದರೂ ತಮಿಳಿನಲ್ಲೇ ಉತ್ತರ.

“ಅಪ್ಪಾ, ಮಾಮಾ ಸೂಪರಾ ಪಣ್ರಾರು” ಎಂದಳು. ಮಾವ ಭರ್ಜರಿಯಾಗಿ ಮಾಡುತ್ತಾನಂತೆ!

ಬಾಯಿ ತೆರೆದರೆ ನನ್ನ ಬಾಯಿಂದಲೂ ವ್ರೀಕ್ ಎಂದೇ ಬರುತ್ತದೇನೋ ಎನ್ನಿಸಿತು! ಕೊನೆಗೆ ಹೇಗೋ, ಇದು ಸಂಗೀತವೇನೋ ಎಂದು ಕೇಳಿದೆ. ಅವನು ಶಾಂತವಾಗಿ ಹೇಳಿದ:

“ನೀವು ಹಾಡು ಹಾಕ್ತೀರಿ ಭಾವ. ಅವರು ಹಾಡನ್ನ ಬಾರಿಸ್ತಾರೆ. ಅಷ್ಟೇ ವ್ಯತ್ಯಾಸ.”

“ಬಾರಿಸೋದಿಕ್ಕೆ ಮೃದಂಗ ಇದೆ ಕಣೋ. ಇದು ಪ್ಲೇಟು.”

“ಮೃದಂಗದ ಮೇಲೆ ಕೈ ಇಡಬಹುದು, ವೀಣೆ ಮೇಲೆ ಇಡಬಹುದು, ಇದರ ಮೇಲೆ ಮಾತ್ರ ಯಾಕೆ ಬೇಡ?”

ಯಾಕೆ ಬೇಡ? ಏಳನೇ ಕ್ಲಾಸಿನವನನ್ನು ಕೇಳುವ ಪ್ರಶ್ನೆಯೇ ಇದು? ಬೇಡ ಎಂದರೆ ಬೇಡ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಚರ್ಚೆ. ಪ್ಲೇಟು ಹಾಕುವವನು ಪ್ಲೇಟು ಉಜ್ಜಬಹುದೋ, ಉಜ್ಜಬಾರದೋ? ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತ, ಲಂಗ ಹೋದದ್ದೇ ಹೋಯಿತು, ಇನ್ನು ಉಜ್ಜಿದರೇನು ಬಿಟ್ಟರೇನು ಎಂದು ತೀರ್ಪು ಕೊಟ್ಟಳು. ತೀರ್ಪು ತಮ್ಮನ ಕಡೆಗೇ ಇತ್ತು ಎಂದು ನನ್ನ ಗುಮಾನಿ.

ಚರ್ಚೆ ಮನೆಯಲ್ಲೇ ಇದ್ದಿದ್ದರೆ ನಾನು ಸಹಿಸುತ್ತಿದ್ದೆ. ಒಂದು ಮನೆಯಲ್ಲಿ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ನಾನು ಹೊರಗೆ ಹಾರನ್ನಿನ ತಂತಿ ನೋಡುತ್ತಿದ್ದೆ. ಆಚಾರಿ ಸೂಜಿ ಎತ್ತಿದ, ಮಗು ಚೀರಿತು. ಒಳಗೆ ಪ್ಲೇಟಿನಲ್ಲಿ ಭಕ್ತಿಗೀತೆ ಹಾಡುತ್ತಿದ್ದಾಕೆ ಇದ್ದಕ್ಕಿದ್ದಂತೆ ವ್ರೀಕ್ ಎಂದು ಹಿಂದಕ್ಕೆ ಹೋದಳು! ನೂರಿಪ್ಪತ್ತು ಜನ ಎದ್ದು ನಿಂತರು. ಮಗು ಒಂದೇ ಬೆರಗಿನಿಂದ ಅಳು ನಿಲ್ಲಿಸಿತು, ಅದು ನಿಜ. ಆದರೆ ಮಗುವಿನ ತಾತ ನನ್ನ ಹತ್ತಿರ ಬಂದು, “ಎನ್ನ ಸಾರ್, ಉಂಗ ಸೆಟ್ಟುಕ್ಕು ಜೊರಮಾ?” ಎಂದರು. ನಿಮ್ಮ ಸೆಟ್ಟಿಗೆ ಜ್ವರವೇ ಎಂದು! ಇಪ್ಪತ್ತೈದು ವರ್ಷದಲ್ಲಿ ಹಾಗೆ ಕೇಳಿಸಿಕೊಂಡವನಲ್ಲ ನಾನು. ಅಂಗಡಿಗೆ ಬಂದವನೇ ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡೆ. ಇನ್ನು ಮೇಲೆ ನನ್ನ ಪ್ಲೇಟು ಮುಟ್ಟಬೇಡ ಎಂದೆ.

“ಆಯ್ತು ಭಾವ. ನಿಮ್ಮ ಪ್ಲೇಟು ಮುಟ್ಟಲ್ಲ” ಎಂದ. ವಾದ ಮಾಡಲಿಲ್ಲ. ಊರಾಚೆ ತಾಂಬರಂನಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಗೆ ಸೇರಿ, ಅಲ್ಲೇ ಒಂದು ಕೋಣೆ ಮಾಡಿದ.

ಅದೇ ಸಮಯದಲ್ಲಿ ಮಗಳಿಗೆ ಗಂಡು ನೋಡುತ್ತಿದ್ದೆವು. ಅವಳಲ್ಲಿ ಒಂದೇ ಒಂದು ಕುಂದು: ಸುಗಂಧರಾಜ ಹೂವು ಹತ್ತಿರ ಬಂದರೆ ಸೀನುತ್ತಾಳೆ. ಸಣ್ಣ ಸೀನಲ್ಲ, ಹಾರನ್ನಿಲ್ಲದೆ ಮೂರು ಬೀದಿಗೆ ಕೇಳುವ ಸೀನು, ನನ್ನ ಮಗಳಲ್ಲವೆ! ಒಂದು ಸಂಬಂಧ ಕೂಡಿಬಂತು. ಹಿರಿಯರು ತಾಂಬೂಲದ ತಟ್ಟೆ ಎತ್ತಿ ಕೈಯಲ್ಲಿ ಹಿಡಿದಿದ್ದಾರೆ, ಅದರಲ್ಲಿ ಹೂವಿತ್ತು, ಇವಳು ಸೀನಿದಳು. ಒಂಟಿ ಸೀನು! ಹಿರಿಯರು ತಟ್ಟೆ ಕೆಳಗಿಟ್ಟರು, ಒಂದು ಲೋಟ ನೀರು ಕುಡಿದರು, ಚಪ್ಪಲಿ ಮೆಟ್ಟಿದರು. ಮುಗಿಯಿತು.

ಮಗಳು ಎರಡು ದಿನ ಅನ್ನ ಮುಟ್ಟಲಿಲ್ಲ. ಸುದ್ದಿ ಕೇಳಿ ತಾಂಬರಂನಿಂದ ಅವನು ಬಂದ. ಅವಳ ಎದುರಿಗೆ ಕೂತು, ಊಟದ ತಟ್ಟೆಯನ್ನು ನೆಲದ ಮೇಲೆ ಅತ್ತ ಇತ್ತ ತಿರುಗಿಸುತ್ತಲೇ ಅವಳಿಗೆ ಎರಡು ತುತ್ತು ತಿನ್ನಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು, “ಭಾವ, ಪ್ಲೇಟಲ್ಲಿ ಗಟ್ಟಿಮೇಳ ಎಷ್ಟು ಹೊತ್ತು ಬರತ್ತೆ?” ಎಂದು ಕೇಳಿದ. ಮನೆಯಲ್ಲಿ ಹೆಣ್ಣುಮಗು ಅಳುತ್ತಿದೆ, ಇವನಿಗೆ ಪ್ಲೇಟಿನ ಚಿಂತೆ! ಉತ್ತರ ಕೊಡದೆ ಒಳಗೆ ಹೋದೆ.

ಆರು ತಿಂಗಳಿಗೆ ಇನ್ನೊಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ; ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದವರು. ಹುಡುಗ ಬಂಗಾರ, ಅವನ ತಂದೆತಾಯಿ ಬೆಳ್ಳಿ. ಆದರೆ ಹುಡುಗನಿಗೆ ಒಬ್ಬ ಸೋದರತ್ತೆ. ಹಲ್ಲಿ ಲೊಚಗುಟ್ಟಿದರೆ ಯಾವ ದಿಕ್ಕಿನಿಂದ ಎಂದು ಎದ್ದುಹೋಗಿ ನೋಡುವವರು. ಆ ಮನೆಯಲ್ಲಿ ಅವರ ಮಾತು ಮೀರುವವರಿಲ್ಲ. ಹಿಂದಿನ ಸಂಬಂಧ ಯಾಕೆ ತಪ್ಪಿತು ಎಂಬುದು ಅವರ ಕಿವಿಗೂ ಬಿದ್ದಿತ್ತು. ನನಗೆ ಎಚ್ಚರಿಕೆ ಕೊಟ್ಟೇ ಒಪ್ಪಿದರು: “ಮುಹೂರ್ತದಲ್ಲಿ ಏನಾದ್ರೂ ಕೇಳಿಸ್ತೋ, ಅಲ್ಲಿಗೇ ನಾವು ಎದ್ವಿ ಅಂತ ತಿಳ್ಕೊಳ್ಳಿ.”

ನಾನು ಬಿಡುತ್ತೇನೆಯೇ? ಊರಿಗೆಲ್ಲ ಪ್ಲೇಟಿನ ಮೇಳ ಹಾಕಿದವನು ನನ್ನ ಮಗಳಿಗೆ ನಿಜವಾದ ಓಲಗವನ್ನೇ ಗೊತ್ತುಮಾಡಿದೆ, ಚೆಂಗಲ್ಪಟ್ಟಿನ ಕಡೆಯವರು, ಎರಡು ನಾದಸ್ವರ, ಎರಡು ಡೋಲು. ಸುಗಂಧರಾಜ ಛತ್ರದ ಬಾಗಿಲು ದಾಟಬಾರದು ಎಂದು ಹೂವಿನವನಿಗೆ ಆಣೆ ಹಾಕಿಸಿದೆ. ನನ್ನ ಸೆಟ್ಟನ್ನು ಮಂಟಪದ ಹಿಂದೆ ತರಕಾರಿ ಉಗ್ರಾಣದಲ್ಲಿ ಇಟ್ಟು, ಆರತಕ್ಷತೆಯ ಹೊತ್ತಿಗೆ ನಾನೇ ಹಾಕುವೆನೆಂದು ಬೀಗ ಜಡಿದೆ. ಬಾಮೈದನಿಗೆ ಒಂದೇ ಕೆಲಸ. ಸೋದರಮಾವನಾಗಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವುದು. ಅದು ನಾನು ಕೊಟ್ಟದ್ದಲ್ಲ, ಶಾಸ್ತ್ರ ಕೊಟ್ಟದ್ದು. ಅದಕ್ಕಾಗಿ ಅವನು ಜರಿಯಂಚಿನ ಪಂಚೆ ಕೊಂಡಿದ್ದಾನೆ ಎಂದು ಹೆಂಡತಿ ಹತ್ತು ಸಲ ಹೇಳಿದ್ದಳು.

ಮುಹೂರ್ತದ ದಿನ ಓಲಗದವರು ಬರಲಿಲ್ಲ.

ಪುರೋಹಿತರು ಮಂತ್ರ ಎಳೆದೆಳೆದು ಹೇಳುತ್ತಿದ್ದಾರೆ, ನಾನು ಮಂಟಪದ ಮೇಲೆ ಕಲಶ ಹಿಡಿದು ಬೆವರುತ್ತಿದ್ದೇನೆ. ಅಷ್ಟರಲ್ಲಿ ಬಾಮೈದ ಓಡಿಬಂದ. ಹೊಸ ಪಂಚೆ, ಕಂಕುಳಲ್ಲಿ ಪೇಪರು ಸುತ್ತಿದ ಏನೋ ಒಂದು. ಓಲಗದವರ ವ್ಯಾನು ಬರುವ ದಾರಿಯಲ್ಲಿ, ತಾಂಬರಂನಲ್ಲಿ, ಅವನ ಅಂಗಡಿಯ ಎದುರಿಗೇ ಆಕ್ಸಲ್ ಮುರಿದುಕೊಂಡು ಕೂತಿದೆಯಂತೆ. ಬಾಡಿಗೆ ಕಾರು ಹುಡುಕಲು ಅವರಿಗೆ ದಾರಿ ತೋರಿಸಿ, ತಾನು ಎಲೆಕ್ಟ್ರಿಕ್ ರೈಲು ಹತ್ತಿ ಬಂದನಂತೆ. ಅವರು ಲಗ್ನದೊಳಗೆ ಬರುವುದಿಲ್ಲ. ಗಂಡಿನ ಕಡೆಯ ಬುಟ್ಟಿಯಿಂದ ಸೋದರತ್ತೆ ಹಾರ ಎತ್ತುತ್ತಿರುವುದು ಆಗಲೇ ಕಾಣಿಸಬೇಕೆ? ಅವರೇ ಖುದ್ದಾಗಿ ಕಟ್ಟಿಸಿ ತಂದದ್ದು. ಮೊಳಕೈ ದಪ್ಪದ ಸುಗಂಧರಾಜ!

ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು, ಬಾರೋ, ಮಗು ಕಾಯ್ತಿದೆ, ಕೈ ಹಿಡಿ ಎಂದು ತಮ್ಮನನ್ನು ಕರೆದಳು. ಅವನು ಆ ಬಾಗಿಲನ್ನು ನೋಡಿದ. ಹಾರವನ್ನು ನೋಡಿದ. ಆಮೇಲೆ ನನ್ನ ಮುಂದೆ ಬಂದು ಕೈ ಚಾಚಿದ.

“ಭಾವ, ಉಗ್ರಾಣದ ಬೀಗದ ಕೈ.”

ಮಂಟಪದ ಮೇಲೆ ಬೈಯಬಾರದು. ಸೊಂಟದಿಂದ ಬಿಚ್ಚಿ ಕೊಟ್ಟೆ. ಹುಡುಗಿಯನ್ನು ಹೆಂಡತಿಯ ದಾಯಾದಿ ಅಣ್ಣನೊಬ್ಬ ಕರೆತಂದ. ಆ ಹಾರ ಅವಳ ಕೊರಳಿಗೆ ಬಿತ್ತು.

ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದು ಕೂಗಿದರು. ಕೂಗಿದ ಉಸಿರು ಮುಗಿಯುವುದರೊಳಗೆ ಮೇಳ ಮೊಳಗಿತು. ಸರಿಯಾದ ಗೆರೆಗೇ ಇಳಿಸಿದ್ದ, ಅದನ್ನು ಒಪ್ಪಬೇಕು. ಹುಡುಗ ಮೊದಲ ಗಂಟು ಹಾಕಿದ. ಆಗ ಹುಡುಗನ ತಂಗಿ ಮುಂದೆ ಬಂದಳು. ಈ ಊರಿನ ಮದುವೆಗಳಲ್ಲಿ ಉಳಿದೆರಡು ಗಂಟು ಗಂಡಿನ ಅಕ್ಕತಂಗಿಯರು ಹಾಕುವುದು ಪದ್ಧತಿ, ಅವಳು ನೋಡಿ ಬೆಳೆದದ್ದು ಅದನ್ನೇ. ಸೋದರತ್ತೆ ಅವಳ ಕೈ ಹಿಡಿದರು. ನಮ್ಮಲ್ಲಿ ಮೂರು ಗಂಟೂ ಗಂಡನೇ ಹಾಕಬೇಕು! ಇಲ್ಲ ಅತ್ತೆ, ನಾತ್ತನಾರೇ, ನಾದಿನಿಯೇ ಹಾಕಬೇಕು! ತಾಳಿಯ ದಾರ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುದಿ. ನನ್ನ ಮಗಳ ಮೂಗಿನ ಹೊಳ್ಳೆ ಅರಳತೊಡಗಿತು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೇನೆ: ಅರ್ಧ ನಿಮಿಷ ಮುಗಿಯಿತು, ಇನ್ನು ಎರಡೇ ಏಟು, ಇನ್ನು ಒಂದೇ...

ವ್ರೀಕ್!

ಡುಂ ಡುಂ ಪೀಂ, ವ್ರೀಕ್! ಡುಂ ಡುಂ ಪೀಂ, ವ್ರೀಕ್ ವ್ರೀಕ್! ಮುಗಿಯಬೇಕಾಗಿದ್ದ ಮೇಳ ಹಿಂದಕ್ಕೆ ಓಡಿ ಮತ್ತೆ ಬಂತು. ಮತ್ತೆ ಓಡಿತು, ಮತ್ತೆ ಬಂತು. ತಾಳಕ್ಕೆ ಸರಿಯಾಗಿ, ಒಂದೇ ಒಂದು ಏಟೂ ತಪ್ಪದೆ! ಛತ್ರದ ತಗಡು ನಡುಗಿತು. ಮಗಳ ತಲೆ ಮುಂದಕ್ಕೆ ಎಗರಿದ್ದು, ಮುಡಿಯಿಂದ ಅಕ್ಷತೆ ಉದುರಿದ್ದು ನನಗೆ ಕಾಣಿಸಿತು. ಒಂದು, ಎರಡು, ಮೂರು, ನಾಲ್ಕು. ಒಂದೂ ಕೇಳಿಸಲಿಲ್ಲ! ಅಷ್ಟರಲ್ಲಿ ಸೋದರತ್ತೆಗೂ ಹುಡುಗನ ತಂಗಿಗೂ ರಾಜಿಯಾಗಿ, ಎರಡನೆಯದು ಹುಡುಗ, ಮೂರನೆಯದು ತಂಗಿ ಎಂದು ಗಂಟು ಬಿದ್ದವು. ಜನ ಅಕ್ಷತೆ ಎರಚಿದರು. ಮೇಳ ನಿಲ್ಲಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಇನ್ನೊಮ್ಮೆ ಎರಚಿದರು. ಆಗಲೂ ನಿಲ್ಲಲಿಲ್ಲ.

ಸೋದರತ್ತೆ ನನ್ನ ಕಿವಿಯ ಹತ್ತಿರ ಬಾಗಿ, “ಇದ್ಯಾವ ಊರಿನ ಮೇಳ? ಏನು ಭರ್ಜರಿಯಾಗಿದೆ” ಎಂದರು.

“ತಾಂಬರಂ ಕಡೇದಮ್ಮ” ಎಂದೆ.

“ನಮ್ಮ ಮೊಮ್ಮಗನ ಮುಂಜಿಗೂ ಇವರನ್ನೇ ಹೇಳಿಬಿಡಿ” ಎಂದರು.

ಉಗ್ರಾಣಕ್ಕೆ ಓಡಿದೆ. ಬೂದುಗುಂಬಳಕಾಯಿಗಳ ನಡುವೆ, ಮಂಟಪಕ್ಕೆ ಬೆನ್ನು ಮಾಡಿ, ಜರಿಪಂಚೆ ಮೊಣಕಾಲಿಗೆ ಎತ್ತಿಕೊಂಡು ಅವನು ಕೂತಿದ್ದ. ಅಲ್ಲಿಂದ ತಾಳಿ ಕಾಣುವುದಿಲ್ಲ, ಪುರೋಹಿತರು ಕಾಣುವುದಿಲ್ಲ, ಆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಮುಗಿಯಿತೆಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಇನ್ನೂ ಉಜ್ಜುತ್ತಲೇ ಇದ್ದ. ಪ್ಲೇಟಿನ ಅಡಿಯಲ್ಲಿ ಅದೇ ಲಂಗದ ತುಂಡು. ಪ್ಲೇಟಿನ ಮೇಲೆ ಬಿಳಿ ಪೆನ್ಸಿಲಿನ ಎರಡು ಗೆರೆ. ಆ ಗೆರೆಗಳ ನಡುವಿನ ಕಪ್ಪು ತಿಂಗಳುಗಟ್ಟಲೆ ಉಜ್ಜಿಸಿಕೊಂಡು ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಸ್ವಿಚ್ಚು ಆರಿಸಿದೆ.

“ಎಷ್ಟು ಸಲ ಸೀನಿದ್ಲು ಭಾವ?”

“ನಾಲ್ಕು.”

“ಕೇಳಿಸ್ತಾ?”

“ಇಲ್ಲ ಕಣೋ.”

ಅವನು ಹಾಗೇ ಗೋಡೆಗೆ ಒರಗಿದ. ನನ್ನ ಕಣ್ಣು ಪ್ಲೇಟಿನ ಮೇಲೆಯೇ ಇದ್ದುದನ್ನು ನೋಡಿ, ತಪ್ಪು ಮಾಡಿದವನಂತೆ ಅವಸರವಾಗಿ ಹೇಳಿದ:

“ನಿಮ್ಮ ಪ್ಲೇಟು ಮುಟ್ಟಿಲ್ಲ ಭಾವ. ಇದು ನಂದು.”

ಅವನ ಮಧ್ಯದ ಬೆರಳಿನ ತುದಿಯ ಚರ್ಮ ಸುಲಿದಿತ್ತು. ನನ್ನ ಕೈಯಲ್ಲಿ ಧಾರೆಯ ಅರಿಶಿನ ಇನ್ನೂ ಹಸಿಯಾಗಿತ್ತು. ಅದನ್ನೇ ಆ ಬೆರಳಿಗೆ ಮೆತ್ತಿದೆ. ಮಾತಾಡಿದ್ದರೆ ಜಗಳವೇ ಆಗುತ್ತಿತ್ತು.

ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳ ಕೈ ಹಿಡಿದಿರುವವನು ಹೆಂಡತಿಯ ದಾಯಾದಿ ಅಣ್ಣ. ಮುಹೂರ್ತದ ಯಾವ ಫೋಟೋದಲ್ಲೂ ಇವನಿಲ್ಲ.

ಈಗಲೂ ಜನ ನನ್ನನ್ನು ಕೇಳುತ್ತಾರೆ, ಪ್ಲೇಟು ಹಾಕುವವನು ಪ್ಲೇಟು ಉಜ್ಜಬಹುದೇ ಎಂದು. ಕೂಡದು! ಅಂಚು ಹಿಡಿಯಬೇಕು, ಮುಖ ಮುಟ್ಟಬಾರದು. ನನ್ನ ಮಾತು ಅವತ್ತಿಗೂ ಅದೇ, ಇವತ್ತಿಗೂ ಅದೇ. ಆದರೆ ಆಯುಧಪೂಜೆಯ ದಿನ ಆಂಪ್ಲಿಫೈಯರಿಗೆ, ಹಾರನ್ನಿಗೆ, ಮೈಕಿಗೆ ಎಲ್ಲ ಕುಂಕುಮ ಇಟ್ಟಮೇಲೆ, ಇನ್ನು ಹಾಡಲಾರದ ಒಂದು ಬೂದಿಬಣ್ಣದ ಪ್ಲೇಟನ್ನು ಗೋಡೆಯಿಂದ ಇಳಿಸುತ್ತೇನೆ. ಅದಕ್ಕೆ ಮಾತ್ರ ಅಂಚಿಗಲ್ಲ, ಎರಡು ಬಿಳಿ ಗೆರೆಗಳ ನಡುವೆ, ಮುಖದ ಮೇಲೆಯೇ, ನನ್ನ ಬೆರಳಿನಿಂದಲೇ ಇಡುತ್ತೇನೆ.